ಅಡಿವೆವ್ವನ ಕಲ್ಲು, ದುಂಡವ್ವನ ದನಿ

ಹ್ಞೂಂ ಅನ್ನಾಕ ಯಾರ ಅದೀರಿ? ಮೊದ್ಲ ಅದನ್ನ ಹೇಳ್ರಿ. ಹ್ಞೂಂ ಅನ್ನೋರಿಲ್ಲದ ಕಥಿ ಮುಂದ ಹೋಗೂದಿಲ್ಲ, ನನ್ನ ಬಾಯಿಗೂ ಏನು ತುರಿಕಿ ಇಲ್ಲ. ಏ ಸಾವಂತ್ರಿ, ನೀ ಅನ್ನು. ಶೇಂಗಾ ಸುಲೀತ ಸುಲೀತ ಅನ್ನು. ಸುಲಿದದ್ದು ಆ ಕೇರೂ ಮರದಾಗ ಹಾಕು, ಬಾಯಾಗ ಹಾಕ್ಕೊಂಡ್ರ ಹ್ಞೂಂ ಹೆಂಗ ಹೊಂಡತೈತಿ? ಹಾಂ, ಹಂಗ.

ಕೇಳ್ರಿ ಮತ್ತ. ನಮ್ಮ ಮುತ್ಯಾನ ಮುತ್ಯಾ ಇನ್ನೂ ತೊಟ್ಟಿಲದಾಗ ಕಾಲು ಬಡಿತಿದ್ದ ಕಾಲದಾಗ ಒಂದು ಊರಿತ್ತು. ಯಾವೂರು ಅಂತ ಕೇಳಬ್ಯಾಡ್ರಿ. ಹೆಸರು ಹೇಳಿದ್ರ ಆ ಊರವ್ರು ಬಂದು ಜಗಳಾ ತಗೀತಾರ. ಆ ಊರಾಗ ಅಡಿವೆವ್ವ ಅಂತ ಒಬ್ಬ ಹೆಣ್ಣಮಗಳು. ಆಕಿ ದನಿ ಅಂದ್ರ ಏನ ದನಿ! ಸಣ್ಣಂದು, ಎತ್ತರದ್ದು. ಮದಿವಿ ಇರ್ಲಿ, ಕುಬಸ ಇರ್ಲಿ, ತೊಟ್ಟಿಲ ಕಾರ್ಯ ಇರ್ಲಿ, ಮೊದ್ಲ ಅಡಿವೆವ್ವನ ಮನಿಗೆ ಕುಂಕುಮ ಬರ್ಬೇಕು. ಆಕಿ ಬಂದು ಒಂದು ನುಡಿ ಎತ್ತಿದ್ಲು ಅಂದ್ರ ಹೊಲದಾಗ ಗಳೇ ಹೊಡಿಯೋರು ಎತ್ತ ನಿಲ್ಲಿಸಿ ಕಿವಿ ಕೊಡ್ತಿದ್ರು. ಗಂಡ ಸತ್ತು ಬಾಳ ವರ್ಷ ಆಗಿತ್ತು. ಮೂವರು ಗಂಡಮಕ್ಕಳು, ಒಂದು ಬೀಸೂಕಲ್ಲು, ಒಂದು ಗಂಟಲು. ಇಷ್ಟ ಆಕಿ ಆಸ್ತಿ.

ಆ ಊರಾಗ ಒಂದು ಪದ್ಧತಿ ಇತ್ತು. ಅದಕ್ಕ ಜೋಡಿಬೀಸು ಅಂತಿದ್ರು. ಹೊಸಾ ಸೊಸಿ ಮನಿಗೆ ಬಂದ ಮ್ಯಾಲ ಮೊದಲ್ನೇ ಅಮಾಸಿ ದಿನ ಬೆಳಗಾಗ್ತಿದ್ದಂಗ ಓಣಿ ಹೆಂಗಸರೆಲ್ಲಾ ಪಡಸಾಲ್ಯಾಗ ಕೂಡತಿದ್ರು. ನಡುವ ಬೀಸೂಕಲ್ಲು. ಆ ಕಡೆ ಅತ್ತಿ, ಈ ಕಡೆ ಸೊಸಿ. ಒಂದ ಗೂಟಕ್ಕ ಇಬ್ಬರ ಕೈ. ಒಂದು ಬುಟ್ಟಿ ಜ್ವಾಳ ಬೀಸಿ ಮುಗಸೂತನ ಮೂರು ಪದ ಹಾಡಬೇಕು. ಅತ್ತಿ ನುಡಿ ಎತ್ತಬೇಕು, ಸೊಸಿ ಸೊಲ್ಲ ಹಿಡೀಬೇಕು, ಅಂದ್ರ ಅತ್ತಿ ಅಂದದ್ದನ್ನ ಹಿಂದ ಹಿಡದು ಹಾಡಬೇಕು. ಹಾಡು ಮುರೀಬಾರ್ದು, ಕಲ್ಲು ನಿಂದರಬಾರ್ದು. ಮುರೀದಂಗ ಮುಗಸಿದ್ರ ಅತ್ತಿ ಒಲ್ಯಾನ ಕೆಂಡ ತಂದು ಸೊಸಿ ಮುಂದ ಇಡ್ತಿದ್ಲು. ಅಂದ್ರ, ಈ ಒಲಿ ಇನ್ನ ನಿಂದೂ ಹೌದು ತಂಗಿ ಅಂತ. ಮುರಿದ್ರ? ಯಾರ ಗಂಟಲದಾಗ ಹಾಡು ಮುರೀತೋ ಆಕಿ ಕಲ್ಲು ಬಿಟ್ಟು ಏಳಬೇಕು, ಗಂಟು ಕಟ್ಟಬೇಕು, ಹೊಸ್ತಿಲಾ ದಾಟಬೇಕು.

ಯಾರ ಗಂಟಲದಾಗ ಅಂದಿದ್ರು ನೋಡ್ರಿ ಹಿರೇರು. ಸೊಸಿ ಗಂಟಲದಾಗ ಅಂತ ಅಂದಿರ್ಲಿಲ್ಲ. ಆದ್ರ ಎದ್ದು ಹೋಗಾಕಿ ಯಾರು? ಯಾವಾಗ್ಲೂ ಸೊಸಿನ! ಅತ್ತಿ ಒಡೆದ್ರ ಒಡಕ ಗಡಿಗಿ, ಸೊಸಿ ಒಡೆದ್ರ ಹೊಸಾ ಗಡಿಗಿ. ಏನ ಸಾವಂತ್ರಿ, ಬಾಳ ಜೋರ ಹ್ಞೂಂ ಅಂದಿ? ನಿಮ್ಮತ್ತಿ ಒಳಗ ಅದಾಳ, ನೆಪ್ಪಿರ್ಲಿ.

ಅಡಿವೆವ್ವನ ಹಿರೇ ಸೊಸಿ ಬಂದ್ಲು, ಕಾಶವ್ವ. ಚಲೋ ದನಿ. ಅತ್ತಿ ಹಾಡಿದಂಗ ಹಾಡಾಕ ಹೋದ್ಲು, ಅತ್ತಿ ಏರಿದಷ್ಟು ಏರಿದ್ಲು. ಮೂರನೇ ಪದದಾಗ ಹಾಡು ಮುರೀತು, ಕಲ್ಲು ನಿಂತಿತು. ಕಾಶವ್ವ ಗಂಟು ಕಟ್ಟಿದ್ಲು. ನಡುವಿನ ಸೊಸಿ ಬಂದ್ಲು, ಈರವ್ವ. ಅಂಜುಬುರುಕಿ. ಅಕ್ಕನ ಗತಿ ಕೇಳಿದ್ಲು, ಬಾಯಿ ತಗೀಲೇ ಇಲ್ಲ, ಒಳಗೊಳಗ ಗುಣುಗುಣು ಅಂದ್ಲು. ಮೂರನೇ ಪದದಾಗ ಹಾಡು ಮುರೀತು, ಕಲ್ಲು ನಿಂತಿತು. ಈರವ್ವನೂ ಗಂಟು ಕಟ್ಟಿದ್ಲು. ಹಿರೇ ಮಗ ಎತ್ತಿನ ಕೂಡ ಮಾತಾಡಾಕತ್ತಿದ. ನಡುವಿನ ಮಗ ಯಾರ ಕೂಡಾನೂ ಮಾತಾಡೂದು ಬಿಟ್ಟ. ಊರ ಮಂದಿ ಏನಂದ್ರು? "ಅಡಿವೆವ್ವನ ದನಿಗೆ ಜೋಡಿ ಆಗೂ ಹೆಣ್ಣು ಈ ಸೀಮ್ಯಾಗ ಹುಟ್ಟಿಲ್ಲ ಬಿಡವಾ" ಅಂದ್ರು. ಅಡಿವೆವ್ವ ಅದನ್ನ ಕೇಳಿ ಸುಮ್ಮಕ ಎಲಿ ಅಡಿಕಿ ಹಾಕ್ಕೊಂಡ್ಲು.

ಈಗ ಬಂದ್ಲು ಮೂರನೇ ಸೊಸಿ. ಹೆಸರು ದುಂಡವ್ವ. ಸಣ್ಣ ಮಗ ಭರಮಪ್ಪನ ಹೇಂತಿ. ಚಕ್ಕಡ್ಯಾಗಿಂದ ಇಳಿದ್ಲು, ಹೊಸ್ತಿಲದಾಗ ನಿಂತ್ಲು. ಆರತಿ ಹಿಡದವ್ರು ಅಡ್ಡ ನಿಂತು "ಗಂಡನ ಹೆಸರು ಹೇಳವಾ" ಅಂದ್ರು. ದುಂಡವ್ವ ಬಾಯಿ ತಗದು ಅಂದ್ಲು, "ಭರಮಪ್ಪ."

ಯವ್ವಾ! ಆರತಿ ತಾಟ ನಡುಗಿತು. ಕಟ್ಟಿದ ಎಮ್ಮಿ ತಿರುಗಿ ನೋಡಿತು. ದನಿ ಅಂದ್ರ ಗಂಡಸರ ದನಿಗಿಂತ ದಪ್ಪ, ಜ್ವಾಳ ತುಂಬೂ ನೆಲದಾಗಿನ ಹಗೇವಿನಾಗ ಇಳದು ಕರದಂಗ ಇತ್ತು. ಹೆಂಗಸರು ಸೆರಗ ಬಾಯಾಗ ತುರಕ್ಕೊಂಡ್ರು. ಅಡಿವೆವ್ವ ಮಾತ್ರ ನಗಲಿಲ್ಲ. "ಇದು ಅಮಾಸಿ ತನಕಾ" ಅಂತ ಅಂದು ಒಳಗ ಹೋದ್ಲು. ಎಲ್ಲಾರ ಮುಂದ, ಕೇಳೂವಂಗ ಅಂದ್ಲು.

ದುಂಡವ್ವಗ ಅಳು ಬಂತು. ಬಂದ್ರೂ ನುಂಗಿದ್ಲು. ಯಾಕ ಅಂದ್ರ ತವರಾಗ ತಂಗಿದು ಮಾತುಕತಿ ಮುಗದಿತ್ತು, ಮುಂದಿನ ಸುಗ್ಗಿಗೆ ಮದಿವಿ. ಅಕ್ಕ ಗಂಟು ಹೊತಗೊಂಡು ಹೊಳ್ಳಿ ಬಂದ್ರ ತಂಗಿ ಮದಿವಿ ಆಗತೈತೇನು? ನೆಂಟರು ಬಂದ ದಾರ್ಯಾಗ ತಿರುಗತಾರ. ಇನ್ನೊಂದು ಮಾತೂ ಐತಿ, ಅದನ್ನ ಸಣ್ಣಾಗಿ ಹೇಳ್ತೀನಿ. ಭರಮಪ್ಪ ಆಕಿ ಮನಸಿಗೆ ಬಂದಿದ್ದ. ಚಕ್ಕಡ್ಯಾಗ ಬರೂ ಮುಂದ ಬಿಸಲು ಬಡಿತೈತಿ ಅಂತ ತನ್ನ ರುಂಬಾಲ ಬಿಚ್ಚಿ ಆಕಿ ತಲಿಮ್ಯಾಲ ಹೊಚ್ಚಿದ್ದ. ಅಂಥಾ ಗಂಡನ್ನ ಬಿಟ್ಟು ಹೋಗಾಕ ಯಾರಿಗೆ ಮನಸು ಬರತೈತಿ? ಹಂಗಂತ ದುಂಡವ್ವ ತನಗ ತಾನ ಅಂದ್ಲು, "ಬಂದೀನಿ, ಇರ್ತೀನಿ. ಹೊಳ್ಳಿ ಹೋಗೂದಿಲ್ಲ."

ಮರುದಿನ ಗಂಟು ಬಿಚ್ಚಿದ್ಲು. ಗಂಟಿನಾಗ ತವರಿನ ಕೌದಿ ಇತ್ತು, ಅವ್ವ ಹೊಲಿದು ಕೊಟ್ಟದ್ದು. ಅಡಿವೆವ್ವ ಒಂದು ತುದಿ ಹಿಡದು ನೋಡಿದ್ಲು. "ಇದೇನವಾ ಇದು? ಒಂದಕ್ಕೊಂದು ತುಂಡು ಕೂಡಿಲ್ಲ. ಕೆಂಪಿನ ಬಾಜೂಕ ಹಸರು, ಹಳದೀ ಮಗ್ಗಲದಾಗ ಕರೀದು! ನಿಮ್ಮವ್ವಗ ಕಣ್ಣು ಕಾಣಸ್ತಿರ್ಲಿಲ್ಲೇನು?"

"ಕಾಣಸ್ತಾವ್ರಿ ಅತ್ತಿ. ಬೇಕಂತನ ಹಚ್ಯಾಳ. ಕರೀದಿದ್ರನ ಹಳದಿ ಎದ್ದು ಕಾಣಸ್ತೈತಿ ಅಂತಾಳ. ಎಲ್ಲಾ ಒಂದ ಬಣ್ಣದ್ದು ಹಚ್ಚಿದ್ರ ಅದು ಚಾದರ ಆಗತೈತಿ, ಕೌದಿ ಆಗೂದಿಲ್ಲ ಅಂತಾಳ."

"ಮಾತೇನೋ ಕಲಸ್ಯಾಳ, ಹಾಡ ಕಲಸಬೇಕಿತ್ತು" ಅಂತ ಅಡಿವೆವ್ವ ಕೌದಿ ಮಡಚಿ ಅಟ್ಟದ ಮ್ಯಾಲ ಒಗದ್ಲು. ದುಂಡವ್ವ ಅದನ್ನ ನೋಡಿಕೋತ ನಿಂತ್ಲು.

ಅಮಾಸಿಗೆ ಇನ್ನೂ ವ್ಯಾಳ್ಯಾ ಇತ್ತು. ಹಾಡಿ ಹಾಡಿ ರಾಗ ಅಂತಾರಲ್ಲಾ, ದುಂಡವ್ವ ಬಣವಿ ಹಿಂದ ಹೋಗಿ ಗಂಟಲು ಏರಿಸಾಕ ನಿಂತ್ಲು. ಅತ್ತಿ ಹಾಡಿದ ಎತ್ತರಕ್ಕ ಹಾಡಬೇಕು ಅಂತ ಕತ್ತು ಚಾಚಿದ್ಲು, ಕಣ್ಣು ಮುಚ್ಚಿದ್ಲು, ಹಿಮ್ಮಡಿ ಎತ್ತಿದ್ಲು. ಬಂದ ದನಿ ಕೇಳಿ ಎರಡು ಎಮ್ಮಿ ಹಗ್ಗ ಹರಕೊಂಡು ಓಡಿದ್ವು. ಭರಮಪ್ಪ ಅವನ್ನ ಹಿಡಕೊಂಡು ಬಂದು ಕಟ್ಟಿದ. ಒಂದಿನ ಮೆಣಸು ಬೆಲ್ಲ ತಂದ. ಒಂದಿನ ಜೇನ ತಂದ. ಒಂದಿನ ಒಣಶುಂಠಿ ತಂದ. ಎಲ್ಲಾ ತಿಂದ ಮ್ಯಾಲ ದುಂಡವ್ವನ ದನಿ ಇನ್ನೊಂದೀಟು ದಪ್ಪ ಆತು.

"ಇನ್ನ ಏನ ತರ್ಲಿ?" ಅಂದ ಭರಮಪ್ಪ. ಮುಖ ಸಣ್ಣದಾಗಿತ್ತು.

"ಏನೂ ತರಬ್ಯಾಡ್ರಿ. ಎಮ್ಮಿ ಹಗ್ಗ ಗಟ್ಟಿ ಕಟ್ರಿ, ಸಾಕು" ಅಂದ್ಲು ದುಂಡವ್ವ. "ಬಂದೀನಿ, ಇರ್ತೀನಿ. ಹೊಳ್ಳಿ ಹೋಗೂದಿಲ್ಲ."

ಮೊದಲ್ನೇ ದಾರಿ ಮುಚ್ಚಿತು. ಎರಡನೇ ದಾರಿ ಹಿಡದ್ಲು. ದಿನಾ ಮುಂಜಾನಿ ಅತ್ತಿ ಮುಂದ ಕಲ್ಲಿಗೆ ಕೂತು ಈರವ್ವನಂಗ ಸಣ್ಣಾಗಿ, ಕೇಳಿಸಿದ್ರೂ ಕೇಳಿಸಲಾರದಂಗ ಸೊಲ್ಲ ಹಿಡಿದ್ಲು. ಅದೂ ಆಗ್ಲಿಲ್ಲ. ಬಾಯಿ ಅಂಜಿದ್ರ ಕೈನೂ ಅಂಜತೈತಿ. ಬೀಸೂಕಲ್ಲಿನ ಮರ್ಮ ಏನು? ಒಬ್ಬಾಕಿ ದಬ್ಬಿದಾಗ ಇನ್ನೊಬ್ಬಾಕಿ ಎಳೀಬೇಕು. ಇಬ್ಬರೂ ಕೂಡಿ ಎಳದ್ರ ಕಲ್ಲು ಜಗ್ಗೂದಿಲ್ಲ. ದುಂಡವ್ವಗ ಯಾವಾಗ ಅತ್ತಿ ದಬ್ಬತಾಳ, ಯಾವಾಗ ಎಳೀತಾಳ ತಿಳೀಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹಿಟ್ಟಿನ ತುಂಬಾ ನುಚ್ಚು ಬಿತ್ತು.

ಅಡಿವೆವ್ವ ನುಚ್ಚನ್ನ ಅಂಗೈಯಾಗ ಹಿಡದು ತೋರಿಸಿದ್ಲು. "ಇದನ್ನ ಕೋಳಿಗೆ ಹಾಕವಾ. ಕೋಳಿನಾದ್ರೂ ನಿನ್ನ ನೆನಸ್ಲಿ, ನೀ ಹೋದ ಮ್ಯಾಲ."

ಹೆಂಗ ಆಗಿರಬೇಕು ಹೇಳ್ರಿ ಆ ಹುಡುಗಿಗೆ? ಅವತ್ತು ಊಟ ಮಾಡ್ಲಿಲ್ಲ. ಆದ್ರ ಕೋಳಿಗೆ ನುಚ್ಚು ಹಾಕಿದ್ಲು. ಅವು ಏನ ತಪ್ಪು ಮಾಡಿದ್ವು?

ಒಂದಿನ ಅಡಿವೆವ್ವ ಕುಳ್ಳು ಬಡಿಯಾಕ ಹಿತ್ತಲಕ್ಕ ಹೋಗಿದ್ಲು. ಮನ್ಯಾಗ ದುಂಡವ್ವ ಒಬ್ಬಾಕಿನ. ರೊಟ್ಟಿಗೆ ಹಿಟ್ಟಿಲ್ಲ. ಕಲ್ಲಿಗೆ ಕೂತ್ಲು, ಒಬ್ಬಾಕಿನ ತಿರುವಿದ್ಲು. ಯಾರೂ ಇಲ್ಲ, ಯಾರ ಅಂಜಿಕಿ? ಆವಾಗ ಆಕಿ ಕಿವಿಗೆ ಕಲ್ಲಿನ ಸಪ್ಪಳ ಬಿತ್ತು. ದಿನಾ ಇರೂದ ಆ ಸಪ್ಪಳ, ದಿನಾ ಯಾರ ಕೇಳತಾರ? ಗುರ್ರ್ ಅಂತ, ಕೆಳಗಿಂದ, ಒಂದ ಸಮ. ದುಂಡವ್ವಗ ಅನಸ್ತು, ಅಯ್ಯ, ಈ ಕಲ್ಲಿಂದು ನನ್ನ ದನಿನ ಅಲ್ಲೇನು! ಯಾರೂ ಈ ಕಲ್ಲಿಗೆ ಸಣ್ಣಾಗಿ ಅನ್ನು ಅಂತ ಅನ್ನೂದಿಲ್ಲ. ಎತ್ತರಕ್ಕ ಏರು ಅಂತ ಅನ್ನೂದಿಲ್ಲ. ಕಲ್ಲಿನ ಸಪ್ಪಳದ ಮ್ಯಾಲನ ಅತ್ತಿ ಇಷ್ಟು ವರ್ಷ ಹಾಡ್ಯಾಳ.

ಹಂಗಂದು ಕಲ್ಲಿನ ದನಿ ಎಲ್ಲಿ ಇತ್ತೋ ಅಲ್ಲೇ ಇಳದು ತನ್ನ ದನೀಲೆ ಹಾಡಿದ್ಲು. ಆ ಮನಿ ಜೋಡಿಬೀಸಿನ ಮೂರನೇ ಪದ, ಎಲ್ಲಾರ್ಗೂ ಗೊತ್ತಿದ್ದದ್ದು:

ಹಳ್ಳ ಹರಿಯೂದು ಕೆಳಗ, ಬೆಳ್ಳಕ್ಕಿ ಹಾರೂದು ಮ್ಯಾಲ
ಬೆಳ್ಳಾನ ನೆರಳು ನೀರಾಗ | ಕೂಡ್ಯಾವ
ಹಳ್ಳಕೂ ಹಕ್ಕಿಗೂ ಒಂದ ದಾರಿ

ಹಿತ್ತಲದಾಗ ಅಡಿವೆವ್ವ ಕೈಯಾಗ ಸಗಣಿ, ಮನಸು ಎಲ್ಲೋ. ಹಾಡು ಕಿವಿಗೆ ಬಿತ್ತು, ಬಾಯಿ ತಾನಾಗಿ ತೆರೀತು. ಗೊತ್ತಿಲ್ಲದಂಗ ಮ್ಯಾಲಿಂದ ತಾನೂ ಅದ ನುಡಿ ಅಂದ್ಲು. ಒಳಗ ದಪ್ಪ ದನಿ, ಹೊರಗ ಸಣ್ಣ ದನಿ. ಒಂದ ನುಡಿ, ಬರೇ ಒಂದ ನುಡಿ, ಎರಡೂ ಕೂಡಿದ್ವು. ಆಮ್ಯಾಲ "ಕೂಡ್ಯಾವ" ಅನ್ನೋ ಹತ್ರ, ಅಲ್ಲೇ ಆ ಪದ ಬಾಳ ಎತ್ತರ ಏರತೈತಿ, ಹೊರಗಿನ ದನಿ ಟಕ್ ಅಂತ ಒಡೀತು. ಕೆಮ್ಮು ಕೇಳಿಸ್ತು.

ದುಂಡವ್ವ ಕಲ್ಲು ಬಿಟ್ಟು ಹಿತ್ತಲ ಬಾಗಲಾಕ ಬಂದ್ಲು. ಅಡಿವೆವ್ವ ಸಗಣಿ ಕೈಲೆ ಗಂಟಲು ಮುಟ್ಟಿಕೊಂಡು ನಿಂತಿದ್ಲು, ಮುಖ ಬೂದಿ ಆಗಿತ್ತು.

"ಅತ್ತೀ, ಕೂಡ್ತು, ಕೇಳಿದ್ರಿ?" ಅಂದ್ಲು ದುಂಡವ್ವ.

"ಏನ ಕೂಡ್ತು? ಒಳಗ ಕೋಣ ಹೊಕ್ಕೈತಿ ಅಂತ ನಾ ಬಡಿಗಿ ಹುಡುಕಾಕತ್ತಿದ್ದೆ" ಅಂದ್ಲು ಅಡಿವೆವ್ವ. "ಹೋಗು, ಒಲಿ ನೋಡು."

ದುಂಡವ್ವ ಹೋದ್ಲು. ಹೋದ್ರೂ ಆಕಿಗೆ ಎರಡು ಮಾತು ತಿಳಿದಿದ್ವು. ಒಂದು, ತನ್ನ ದನಿ ಅತ್ತಿ ದನಿ ಎತ್ತರಕ್ಕ ಹೋಗಬೇಕಾಗಿಲ್ಲ, ಅದರ ಕೆಳಗ ನಿಂತ್ರ ಸಾಕು. ಎರಡು, ಅತ್ತಿ ಗಂಟಲು ಮುಪ್ಪಾಗೈತಿ, ಅದು ಅತ್ತಿಗೆ ಗೊತ್ತೈತಿ, ಯಾರಿಗೂ ಹೇಳಿಲ್ಲ. ಹಿಟ್ಟು ನೋಡಿದ್ಲು. ವಿಭೂತಿಯಂಗ ನುಣ್ಣಗ ಬಿದ್ದಿತ್ತು.

ಬಂತು ಅಮಾಸಿ. ಬೆಳ್ಳಗ ಬೆಳಕಾಗಾಕತ್ತಿತ್ತು. ಓಣಿ ಹೆಂಗಸರು ಕೂಡಿದ್ರು. ನಗಾಕ ಬಂದವ್ರ ಬಾಳ, ಹರಸಾಕ ಬಂದವ್ರು ಕಮ್ಮಿ. ನಿರ್ಣಯ ಹೇಳಾಕಿ ಫಕೀರವ್ವ ಅನ್ನೋ ಹಣ್ಣ ಮುದುಕಿ, ಊರಿಗೆಲ್ಲಾ ಹಿರಿಯಾಕಿ. ಆಕಿ ಕಲ್ಲಿನ ಹತ್ರ ಕಾಲು ಚಾಚಿ ಕೂತ್ಲು. ಹೊರಗ ಕಟ್ಟಿಮ್ಯಾಲ ಮೂವರೂ ಗಂಡಮಕ್ಕಳು. ಗಂಡಸರು ಒಳಗ ಬರೂವಂಗಿಲ್ಲ. ಭರಮಪ್ಪ ಉಗುರು ಕಡೀತಿದ್ದ.

ಅತ್ತಿ ಸೊಸಿ ಎದುರಾ ಬದರಾ ಕೂತ್ರು. ಗೂಟಕ್ಕ ಕೈ ಹಾಕಿದ್ರು. ಅಡಿವೆವ್ವ ಮೊದಲ್ನೇ ಪದ ಎತ್ತಿದ್ಲು. ದಿನಕ್ಕಿಂತ ಎತ್ತರ ಎತ್ತಿದ್ಲು, ಬೇಕಂತನ.

ಮುಂಗೋಳಿ ಕೂಗ್ಯಾವ, ಅಂಗಳ ಬೆಳಗ್ಯಾದ
ಹಿಂಗ್ಯಾಕ ಮಲಗೀದಿ ಸೊಸಿಮುದ್ದ | ಬಾರವ್ವ
ಗುಂಗಿನ ಕಲ್ಲು ಹಸಿದಾವ

ಸೊಸಿ ಸೊಲ್ಲ ಹಿಡೀಬೇಕು. ಎಲ್ಲಾರೂ ಕಿವಿ ನಿಗರಿಸಿದ್ರು. ದುಂಡವ್ವ ಉಸಿರು ತಗೊಂಡ್ಲು. ಏರಲಿಲ್ಲ, ಅಂಜಲಿಲ್ಲ, ಸೀದಾ ಕಲ್ಲಿನ ಸಪ್ಪಳದಾಗ ಇಳದ್ಲು. ತನ್ನ ದಪ್ಪ ದನೀಲೆ "ಬಾರವ್ವ" ಅಂದ್ಲು.

ಹೋ ಅಂತ ನಕ್ರು ಹೆಂಗಸರು. "ಎಮ್ಮಿ ಹಾಡಾಕತ್ತೈತಿ!" ಅಂದ್ಲು ಒಬ್ಬ ಬಾಯಿಬಡಕಿ. ಫಕೀರವ್ವ ಕೋಲು ಎತ್ತಿದ್ಲು. "ಕಲ್ಲು ನಿಂತೈತೇನು? ಇಲ್ಲ. ಹಾಡು ಮುರದೈತೇನು? ಇಲ್ಲ. ಹಂಗಾರ ನಿಮ್ಮ ಬಾಯಿ ಯಾಕ ನಡದಾವ?"

ಎರಡನೇ ಪದ ಬಂತು. ನಗೂದು ಕಮ್ಮಿ ಆತು. ಅಡಿವೆವ್ವ ಮ್ಯಾಲ ಹೋದ್ಲು, ದುಂಡವ್ವ ಕೆಳಗ ಉಳದ್ಲು. ಅತ್ತಿ ದಬ್ಬಿದ್ಲು, ಸೊಸಿ ಎಳದ್ಲು. ಪದ ಮುಗಿಯೂದ್ರಾಗ ನಗಾಕ ಬಂದವ್ರು ನಗೂದು ಮರತು ತಲಿ ದೂಗಾಕತ್ತಿದ್ರು. ಇಷ್ಟು ವರ್ಷ ಅಡಿವೆವ್ವನ ಹಾಡ ಕೇಳಿದ್ರು, ಇಷ್ಟು ಚಂದ ಯಾವತ್ತೂ ಕೇಳಿರ್ಲಿಲ್ಲ. ಯಾಕ ಚಂದ ಅಂತ ಅವ್ರಿಗೆ ತಿಳೀಲಿಲ್ಲ. ಅಡಿವೆವ್ವಗ ತಿಳೀತು. ಆಕಿಗೆ ಎದ್ಯಾಗ ಬೆಂಕಿ ಬಿದ್ದಂಗಾತು. ಈ ಹುಡುಗಿ ಉಳೀತಾಳ! ಉಳದ್ರ ನಾಳಿಗೆ ದಿನಾ ಎದುರಿಗೆ ಕೂಡತಾಳ, ದಿನಾ ನನ್ನ ಗಂಟಲು ಕೇಳತಾಳ!

ಅದಕ್ಕ ಏನ ಮಾಡಿದ್ಲು? ಮೂರನೇ ಪದವನ್ನ ಯಾರೂ ಏರಲಾರದಷ್ಟು ಮ್ಯಾಲ ಎತ್ತಿದ್ಲು. ಸೊಸಿ ಕೆಳಗ ತಪ್ಪಲಿ, ಬೀಳಲಿ ಅಂತ ಎತ್ತಿದ್ಲು.

ಹಳ್ಳ ಹರಿಯೂದು ಕೆಳಗ, ಬೆಳ್ಳಕ್ಕಿ ಹಾರೂದು ಮ್ಯಾಲ
ಬೆಳ್ಳಾನ ನೆರಳು ನೀರಾಗ...

"ಕೂಡ್ಯಾವ" ಅನ್ನಬೇಕು. ಬಾಯಿ ತೆರೀತು, ದನಿ ಬರ್ಲಿಲ್ಲ. ಟಕ್ ಅಂತ ಒಡೀತು. ಗೂಟದ ಮ್ಯಾಲಿನ ಕೈ ಸಡಲಾತು. ಕಲ್ಲು ಮೆತ್ತಗಾತು.

ಈಗ ಕೇಳ್ರಿ. ಏ ಸಾವಂತ್ರಿ, ಹ್ಞೂಂ ಅನ್ನೂದು ನಿಲ್ಲಸಬ್ಯಾಡ, ಈಗಂತೂ ಬ್ಯಾಡ. ದುಂಡವ್ವ ಏನ ಮಾಡಬೇಕಾಗಿತ್ತು? ಏನೂ ಮಾಡಬೇಕಾಗಿರ್ಲಿಲ್ಲ! ಸುಮ್ಮಕ ಕೈ ಬಿಟ್ಟಿದ್ರ ಸಾಕು, ಕಲ್ಲು ನಿಲ್ಲತಿತ್ತು. ಯಾರ ಗಂಟಲದಾಗ ಮುರೀತೋ ಆಕಿ ಹೊಸ್ತಿಲಾ ದಾಟಬೇಕು. ಅಡಿವೆವ್ವನ ಗಂಟಲದಾಗ ಮುರೀತು, ಅಡಿವೆವ್ವ ತಾನ ಗಂಟು ಕಟ್ಟಬೇಕು. ಮನಿ ದುಂಡವ್ವಂದು, ಒಲಿ ದುಂಡವ್ವಂದು. ಸಿಟ್ಟಿರ್ಲಿಲ್ಲೇನು ಆಕಿಗೆ? ಇತ್ತು. ಕೋಣ ಅಂದದ್ದು ನೆಪ್ಪಿತ್ತು, ಕೋಳಿ ನುಚ್ಚು ನೆಪ್ಪಿತ್ತು, ಅಟ್ಟಕ್ಕ ಒಗದ ಕೌದಿ ನೆಪ್ಪಿತ್ತು. ಆದ್ರ ಎದುರಿಗೆ ಅತ್ತಿ ಕಣ್ಣು ನೋಡಿದ್ಲು. ಆ ಕಣ್ಣಾಗ ಹೊಸ್ತಿಲದಾಗ ನಿಂತ ಹೊಸಾ ಸೊಸಿ ಅಂಜಿಕಿ ಇತ್ತು. ಆ ಅಂಜಿಕಿ ದುಂಡವ್ವಗ ಚಲೋ ಗೊತ್ತಿತ್ತು.

ಅಡಿವೆವ್ವನ ಕೈಮ್ಯಾಲ ತನ್ನ ಕೈ ಇಟ್ಟು ಗೂಟಕ್ಕ ಒತ್ತಿ ಹಿಡದ್ಲು. ದಬ್ಬೂದೂ ತಾನ, ಎಳಿಯೂದೂ ತಾನ. ಕಲ್ಲು ನಿಲ್ಲಾಕ ಬಿಡಲಿಲ್ಲ. ಬಾಯಿ ತಗದು ಕೆಳಗಿಂದ "ಕೂಡ್ಯಾವ" ಅಂದ್ಲು. ಉಸಿರು ಇದ್ದಷ್ಟು ಎಳದ್ಲು. ಆ ನುಡಿಗೆ ನೆಲ ಗುಂಯ್ ಅಂತು. ಎಳದು ಎಳದು ಅತ್ತಿ ಮುಖಾನ ನೋಡಿದ್ಲು, ಬರ್ರಿ ಅಂತ ಕಣ್ಣೀಲೆ ಕರದ್ಲು. ಅಡಿವೆವ್ವ ಒಮ್ಮೆ ನುಂಗಿದ್ಲು. ಆಮ್ಯಾಲ ಏರಲಿಲ್ಲ, ಜಗ್ಗಲಿಲ್ಲ, ಸೊಸಿ ದನಿ ಮ್ಯಾಲ ಮೆಲ್ಲಕ ತನ್ನ ದನಿ ಇಟ್ಲು. ದನಿ ನಿಂತಿತು. ಇಬ್ಬರೂ ಕೂಡಿ "ಹಳ್ಳಕೂ ಹಕ್ಕಿಗೂ ಒಂದ ದಾರಿ" ಅಂದು ಪದ ಮುಗಿಸಿದ್ರು. ಬುಟ್ಟ್ಯಾಗಿನ ಜ್ವಾಳಾನೂ ಮುಗೀತು.

ಆ ಬಾಯಿಬಡಕಿ ಎದ್ದು ನಿಂತ್ಲು. "ಮುರೀತು! ನನ್ನ ಕಿವೀಲೆ ಕೇಳೀನಿ. ಅಡಿವೆವ್ವನ ಗಂಟಲದಾಗ ಮುರೀತು. ಪದ್ಧತಿ ಅಂದ್ರ ಪದ್ಧತಿ. ಏಳವಾ ಅಡಿವೆವ್ವ, ಗಂಟು ಕಟ್ಟು!"

ಅಡಿವೆವ್ವ ಏಳಾಕ ಹೋದ್ಲು.

"ಕೂಡ್ರು" ಅಂದ್ಲು ಫಕೀರವ್ವ. ಕಲ್ಲಿನ ಸುತ್ತ ಬಿದ್ದ ಹಿಟ್ಟಿನಾಗ ಕೈ ಹಾಕಿದ್ಲು. ಮೂಲಿಗೊಂದು ಚಿಟಿಕಿ ತಗದು ಬೆರಳಾಗ ತಿಕ್ಕಿದ್ಲು, ನಾಲಿಗಿಗೆ ಹಚ್ಚಿದ್ಲು. "ನನ್ನ ಕಿವಿ ಮುಪ್ಪಾಗ್ಯಾವ, ನಾಲಿಗಿ ಆಗಿಲ್ಲ. ಹಾಡು ಮುರದ್ರ ಕೈ ಮುರೀತೈತಿ, ಕೈ ಮುರದ್ರ ನುಚ್ಚು ಬೀಳತೈತಿ. ಎಲ್ಲೈತಿ ನುಚ್ಚು? ತಗದು ತೋರಸು ನೋಡೋಣು. ಒಬ್ಬಾಕಿ ಉಸಿರು ಮುಗದಲ್ಲಿ ಇನ್ನೊಬ್ಬಾಕಿ ಹಿಡದ್ರ ಅದಕ್ಕ ಮುರಿಯೂದು ಅಂತಾರೇನು? ಸೊಲ್ಲ ಹಿಡಿಯೂದು ಅಂತಾರ. ಅದಕ್ಕ ಅಲ್ಲೇನು ಇಬ್ಬರು ಕೂಡೂದು? ಒಬ್ಬಾಕಿನ ಹಾಡಿ ಒಬ್ಬಾಕಿನ ಬೀಸೂದಿದ್ರ ನಾ ಇಲ್ಲಿಗೆ ಬಂದು ಕಾಲು ನೋಯಿಸ್ಕೋತಿದ್ದೆನೇನು?"

ಬಾಯಿಬಡಕಿ ಕೂತ್ಲು. ಎದ್ದವ್ರು ಕೂಡಬೇಕಲ್ಲ ಒಮ್ಮೆ.

ಅಡಿವೆವ್ವ ಎದ್ದು ಒಳಗ ಹೋದ್ಲು. ಒಲ್ಯಾನ ಕೆಂಡ ಹೆಂಚಿನ ಚೂರಿನಾಗ ಇಟಗೊಂಡು ಬಂದ್ಲು, ದುಂಡವ್ವನ ಮುಂದ ಇಟ್ಲು. "ತಗೊಳವಾ. ಒಲಿ ನಿಂದು."

ದುಂಡವ್ವ ಕೈ ಚಾಚಲಿಲ್ಲ. "ನಾ ತಗೊಳ್ಳೂದಿಲ್ರಿ ಅತ್ತಿ."

ಯವ್ವ ಯವ್ವ ಅಂದ್ರು ಎಲ್ಲಾರೂ. ಹೊರಗ ಭರಮಪ್ಪನ ಎದಿ ಒಡದ್ಹೋತು.

"ನನ್ನಕಿಂತ ಮೊದಲ ಬಂದವ್ರು ಇಬ್ಬರು ಅಕ್ಕಗೋಳು ಅದಾರ. ಅವ್ರು ಬರ್ಲಿ. ಅವ್ರನ್ನ ಬಿಟ್ಟು ನಾ ಈ ಒಲಿ ಹಚ್ಚೂದಿಲ್ಲ. ಹೊಳ್ಳಿ ತವರಿಗೂ ಹೋಗೂದಿಲ್ಲ. ಬಂದೀನಿ, ಇರ್ತೀನಿ, ಈ ಕಲ್ಲಿನ ಮುಂದ ಹಿಂಗ ಕೂತಿರ್ತೀನಿ."

ಎಂಥಾ ಹಟಮಾರಿ ನೋಡ್ರಿ! ಅಡಿವೆವ್ವ ಆಕಿ ಮುಖ ನೋಡಿದ್ಲು. ಆಮ್ಯಾಲ ಸೆರಗ ಕಣ್ಣಿಗೆ ಒತಗೊಂಡು ಎಲ್ಲಾರ ಮುಂದ ಅಂದ್ಲು:

"ಕಾಶವ್ವನ ಗಂಟಲಕ್ಕ ಏನೂ ಆಗಿರ್ಲಿಲ್ಲ. ಈರವ್ವನ ಗಂಟಲಕ್ಕೂ ಏನೂ ಆಗಿರ್ಲಿಲ್ಲ. ಇದ ಪದದಾಗ, ಇದ ಜಾಗಾದಾಗ ನನ್ನ ದನಿ ಒಡೀತಿತ್ತು. ಒಡಿಯೂಕಿಂತ ಒಂದ ನುಡಿ ಮೊದಲ ನಾನ ಕೈಲೆ ಕಲ್ಲು ಹಿಡದು ನಿಲ್ಲಿಸಿದೆ. ಅವ್ರ ಮ್ಯಾಲ ಹಾಕಿದೆ. ಕುಣಿಲಾರದಾಕಿ ನೆಲ ಡೊಂಕು ಅಂದಂಗ ಮಾಡಿದೆ. ಹಾಡು ಹೋತು ಅಂದ್ರ ಅಡಿವೆವ್ವ ಅಂತ ಕರದು ಕುಂಕುಮ ಕೊಡಾಕ ಯಾರ ಬರ್ತಿದ್ರು? ಅದಕ್ಕ ಅಂಜಿದೆ. ಎರಡು ಮನಿ ಮುರದೆ."

ಕಟ್ಟಿಮ್ಯಾಲ ಕೂತ ಹಿರೇ ಮಗ ಎದ್ದು ನಿಂತ. ಏನೋ ಬಿರುಸು ಮಾತು ಬಾಯಿತನಕಾ ಬಂದಿತ್ತು ಅಂವಗ. ಅಷ್ಟರಾಗ ಅಡಿವೆವ್ವ ತಾನ ಹೊರಗ ಬಂದ್ಲು. "ಚಕ್ಕಡಿ ಹೂಡಬ್ಯಾಡಪಾ" ಅಂದ್ಲು. "ಅವ್ರು ಗಂಟು ಹೊತಗೊಂಡು ನಡಕೋತ ಹೋದ್ರು. ನಾನೂ ನಡಕೋತ ಹೋಗಿ ಕರಕೊಂಡು ಬರ್ತೀನಿ."

ಚಳಿಗಾಲದ ಮುಂಜಾನಿ, ಗಾಳಿ ಕೊರೀತಿತ್ತು. ನಾಕು ಹೆಜ್ಜಿ ಹೋದಾಕಿ ಹೊಳ್ಳಿ ನಿಂತ್ಲು. "ದುಂಡವ್ವಾ, ಅಟ್ಟದ ಮ್ಯಾಲಿನ ಆ ಕೌದಿ ಕೊಡವಾ. ಹೊತಗೊಂಡು ಹೋಗ್ತೀನಿ."

ದುಂಡವ್ವ ಕೌದಿ ತಂದು ಅತ್ತಿಗೆ ಹೊಚ್ಚಿದ್ಲು. ಹಳದಿ 'ಇಲ್ಲಿ ಅದೀನಿ' ಅಂತ ಹೊಳೀತಿತ್ತು, ಕರೀದರ ಮಗ್ಗಲದಾಗ.

ಅಡಿವೆವ್ವ ಕಾಶವ್ವನ ತವರಿಗೆ ಹೋದ್ಲು. ಕಾಶವ್ವನ ಅವ್ವ ಬಾಗಲಾ ತಗೀಲಿಲ್ಲ. ತಗಿಯೂತನಕಾ ಕಟ್ಟಿಮ್ಯಾಲ ಕೂತ್ಲು. ಈರವ್ವನ ತವರಿಗೆ ಹೋದ್ಲು. ಈರವ್ವನ ಅಪ್ಪ ಬೈದ. ಬೈಗುಳ ಮುಗಿಯೂತನಕಾ ನಿಂತು ಕೇಳಿದ್ಲು. ಎರಡೂ ಕಡೆ ತಾನ ಮಾಡಿದ್ದು ತಾನ ಹೇಳಿದ್ಲು. ಇಷ್ಟೂ ದಿನ ದುಂಡವ್ವ ಎಲ್ಲಿದ್ಲು? ಆ ಕಲ್ಲಿನ ಮುಂದ. ಭರಮಪ್ಪ ತಾನ ಮೂರು ಕಲ್ಲು ಹೂಡಿ ಹೊರಗ ರೊಟ್ಟಿ ಸುಟ್ಟು ಹಾಕಿದ. ಒಂದ ಮಗ್ಗಲಾ ಹಸಿ, ಒಂದ ಮಗ್ಗಲಾ ಕರಕಲಾ. ಆಕಿ ಎರಡೂ ಮಗ್ಗಲಾ ತಿಂದ್ಲು.

ಒಂದಿನ ಸಂಜೀಮುಂದ ದಾರ್ಯಾಗ ಮೂವರು ಹೆಂಗಸರು ಬರೂದು ಕಾಣಿಸ್ತು. ಮೂವರಿಗೂ ಒಂದ ಕೌದಿ. ನಡುವಿನಾಕಿ ಮುದುಕಿ.

ಮರುದಿನ ಬೆಳ್ಳಿ ಮೂಡಿದಾಗ ಆ ಮನ್ಯಾಗ ಕಲ್ಲು ತಿರಗಿತು. ಗೂಟಕ್ಕ ಇಬ್ಬರು, ಜ್ವಾಳ ಹಾಕಾಕ ಒಬ್ಬಾಕಿ, ಹಿಟ್ಟು ಬಳಿಯಾಕ ಒಬ್ಬಾಕಿ. ಕೆಳಗ ದುಂಡವ್ವನ ದನಿ, ಮ್ಯಾಲ ಕಾಶವ್ವಂದು. ಈರವ್ವ ಈಗ ಬಾಯಿ ತಗದ್ಲು, ತಗದ್ರ ಆಕಿದು ನಡುವಿನ ದನಿ, ಎರಡಕ್ಕೂ ನಡುವ ಬಂದು ಕೂತಿತು. ಅಡಿವೆವ್ವ ಎಲ್ಲಿ ಆಗತೈತೋ ಅಲ್ಲಿ ಹಾಡಿದ್ಲು, ಎಲ್ಲಿ ಆಗೂದಿಲ್ಲೋ ಅಲ್ಲಿ ಉಸಿರು ಬಿಟ್ಲು. ಆಕಿ ಬಿಟ್ಟಲ್ಲಿ ಯಾರೋ ಒಬ್ಬಾಕಿ ಹಿಡದ್ಲು.

ದಾರೀಲೆ ಹೊಂಟ ಪರದೇಶಿ ಒಬ್ಬ ಬಾವಿಕಟ್ಟಿ ಹತ್ರ ನಿಂತ. "ಯಾರ ಯಪ್ಪಾ ಅದು ಹಾಡಾಕಿ? ಇಂಥಾ ದನಿ ನಾ ಎಲ್ಲೂ ಕೇಳಿಲ್ಲ" ಅಂದ. ಎಮ್ಮಿಗೆ ನೀರ ಕುಡಸ್ತಿದ್ದ ಭರಮಪ್ಪ ನಕ್ಕ. "ಹಾಡಾಕಿ ಅಲ್ಲೋ ತಮ್ಮಾ, ಹಾಡೋರು. ನಾಕು ಮಂದಿ ಅದಾರ" ಅಂದ. ಪರದೇಶಿ ನಂಬಲಿಲ್ಲ. "ನಾಕು ಮಂದಿ ಹಾಡಿದ್ರ ಒಬ್ಬಾಕಿ ಹಾಡಿದಂಗ ಹೆಂಗ ಕೇಳಸ್ತೈತಿ?" ಅಂದ. "ಒಳಗ ಕರಕೊಂಡು ಹೋಗಿ ರೊಟ್ಟಿ ಉಣಸ್ತೀನಿ, ನುಚ್ಚು ಸಿಗತೈತೇನು ನೋಡು" ಅಂದ ಭರಮಪ್ಪ. ಪರದೇಶಿ ಮೂರು ರೊಟ್ಟಿ ತಿಂದ, ಒಂದು ನುಚ್ಚೂ ಸಿಗಲಿಲ್ಲ.

ಅವತ್ತಿನಿಂದ ಆ ಊರಾಗ ಜೋಡಿಬೀಸಿನ ದಿನ ಯಾರೂ ಗಂಟು ಕಟ್ಟಲಿಲ್ಲ. ಸುಗ್ಗಿಗೆ ದುಂಡವ್ವನ ತಂಗಿ ಮದಿವಿ ಆತು. ಸೋಬಾನ ಹಾಡಾಕ ಯಾರಿಗೆ ಕುಂಕುಮ ಹೋತು? ಅತ್ತಿ ಸೊಸ್ತೇರಿಗೆ, ನಾಕೂ ಮಂದಿಗೆ ಕೂಡಿ ಒಂದ ಬಟ್ಟಲದಾಗ.

ಕಲ್ಲು ಅವ್ರ ಮನ್ಯಾಗ ಉಳೀತು, ಕಥಿ ನಮ್ಮ ಓಣಿಗೆ ಬಂತು. ಹಿಟ್ಟು ಅವ್ರು ಉಂಡ್ರು, ಪದ ನಮಗ ಬಿಟ್ರು. ನಾ ನುಡಿ ಎತ್ತಿದೆ, ಸಾವಂತ್ರಿ ಹ್ಞೂಂ ಅಂತ ಸೊಲ್ಲ ಹಿಡದ್ಲು, ಇಬ್ಬರ ನಡುವ ಮುರೀದಂಗ ಇಲ್ಲೀತನಕಾ ಬಂತು. ಏಳ್ರಿ ಇನ್ನ. ಏ ಸಾವಂತ್ರಿ, ಮರ ಖಾಲಿ ಐತಲ್ಲ? ಶೇಂಗಾ ಎಲ್ಲಿ ಹೋದ್ವು?